ಹೆಸರು ಬರೆಯದ ಟ್ಯೂಬು

ಆ ಸಂಜೆ ನಮ್ಮ ಚಾವಡಿಯಲ್ಲಿ ಯಾರೆಲ್ಲ ಇದ್ದರೆಂದು ಮೊದಲು ಹೇಳಿಬಿಡುತ್ತೇನೆ. ಗೋಡೆಗೆ ಒರಗಿ ಕಾಲು ನೀಡಿ ಕುಳಿತವಳು ನನ್ನ ಅಮ್ಮ. ಗಂಟುನೋವಿನಿಂದ ಅವಳಿಗೆ ಕಾಲು ಮಡಚಲು ಆಗುವುದಿಲ್ಲ. ಅವಳ ಪಕ್ಕದಲ್ಲಿ ಚಿಕ್ಕಮ್ಮ, ಅಮ್ಮನ ತಂಗಿ, ಮಧೂರಿನಿಂದ ಬೆಳಗಿನ ಬಸ್ಸಿಗೇ ಬಂದವಳು. ಕುರ್ಚಿಯಲ್ಲಿ ನೆರೆಮನೆಯ ಮಾಸ್ಟ್ರು. ಶಾಲೆಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾದರೂ ಊರವರ ಇಂಗ್ಲಿಷ್ ಕಾಗದ, ಔಷಧದ ಚೀಟಿ ಓದಿ ಹೇಳುವ ಕೆಲಸದಿಂದ ಅವರಿಗೆ ಇನ್ನೂ ನಿವೃತ್ತಿ ಸಿಕ್ಕಿಲ್ಲ. ಬಾಗಿಲ ಬಳಿ ನನ್ನ ಗಂಡ, ಕೈಯಲ್ಲಿ ಹಗ್ಗ ಕೊಯ್ಯುವ ಕತ್ತಿ. ನಡುವೆ ದೊಡ್ಡ ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಭಾವ, ಅಂದರೆ ನನ್ನ ಅಕ್ಕನ ಗಂಡ. ಅಕ್ಕ, ಭಾವ ಇಬ್ಬರೂ ಶಾರ್ಜಾದಲ್ಲಿ ಕೆಲಸದಲ್ಲಿರುವವರು. ಏಪ್ರಿಲಿನ ಬಿಸು ಹಬ್ಬಕ್ಕೆ ಅಕ್ಕನಿಗೆ ರಜೆ ಸಿಗದೆ ಭಾವ ಒಬ್ಬರೇ ಬಂದಿದ್ದರು. ಪೆಟ್ಟಿಗೆಯ ಮೇಲೆ ಮೊಣಕೈ ಊರಿ ನಿಂತವಳು ನನ್ನ ಮಗಳು, ಐದನೇ ಕ್ಲಾಸು ಮುಗಿಸಿದವಳು. ನಾನು ಚಾದ ತಟ್ಟೆ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿದ್ದೆ.

ಗಲ್ಫಿನಿಂದ ಬಂದ ಪೆಟ್ಟಿಗೆ ಒಡೆಯುವುದಕ್ಕೆ ನಮ್ಮ ಕಡೆ ಒಂದು ಕ್ರಮವಿದೆ. ಬಂದವರು ಮಿಂದು, ಉಂಡು, ಒಂದು ನಿದ್ದೆ ಮುಗಿಸಿದ ಮೇಲೆಯೇ ಹಗ್ಗಕ್ಕೆ ಕತ್ತಿ ತಾಗಬೇಕು. ಮನೆಯವರೆಲ್ಲ ಎದುರಿಗಿರಬೇಕು. ತಂದವರೇ ಒಂದೊಂದನ್ನು ಎತ್ತಿ, ಇದು ಇಂಥವರಿಗೆ ಎಂದು ಕೈಗೆ ಕೊಡಬೇಕು. ನನಗೇನು ತಂದಿರಿ ಎಂದು ಯಾರೂ ಕೇಳುವಂತಿಲ್ಲ. ಅಕ್ಕ ಗಟ್ಟಿಗಿತ್ತಿ, ಗಂಡನ ಮರೆವು ಗೊತ್ತಿದ್ದುದರಿಂದ ಎಲ್ಲದರ ಮೇಲೂ ಬಿಳಿ ಪಟ್ಟಿ ಅಂಟಿಸಿ ಹೆಸರು ಬರೆದು ಕಳಿಸುತ್ತಾಳೆ. ಹೆಸರಿಲ್ಲದ್ದು ಏನಾದರೂ ಸಿಕ್ಕಿದರೆ ಅದು ಮನೆಯ ಹಿರಿಯರಿಗೆ ಸೇರಬೇಕು. ಅದೂ ಕ್ರಮವೇ.

ಆ ಪೆಟ್ಟಿಗೆಯಲ್ಲಿ ನಾನು ಅಕ್ಕನಿಗೆ ಗುಟ್ಟಾಗಿ ಹೇಳಿ ತರಿಸಿದ ಒಂದು ಟ್ಯೂಬು ಇತ್ತು. ಯಾರಿಗೂ ಹೇಳಬೇಡ, ನನ್ನ ಹೆಸರು ಬರೆಯಬೇಡ ಎಂದು ಫೋನಿನಲ್ಲಿ ಬೇಡಿಕೊಂಡಿದ್ದೆ. ಪಾಪ, ಹೇಳಿದ ಹಾಗೆಯೇ ಮಾಡಿದಳು. ಹೆಸರು ಬರೆಯಲಿಲ್ಲ, ಗಂಡನಿಗೂ ಹೇಳಲಿಲ್ಲ. ಹೆಸರಿಲ್ಲದ ವಸ್ತು ಎಲ್ಲಿಗೆ ಹೋಗುತ್ತದೆ ಎಂಬುದು ಹುಟ್ಟಿದಂದಿನಿಂದ ಪೆಟ್ಟಿಗೆ ನೋಡುತ್ತ ಬೆಳೆದ ನಮ್ಮಿಬ್ಬರಲ್ಲಿ ಒಬ್ಬಳಿಗೂ ಹೊಳೆಯಲಿಲ್ಲ.

ಖರ್ಜೂರ, ಬಾದಾಮಿ, ಸಾಬೂನು, ಚಿಕ್ಕಮ್ಮನಿಗೆ ನೈಟಿಯ ಬಟ್ಟೆ, ಮಾಸ್ಟ್ರಿಗೆ ಟಾರ್ಚು, ಎಲ್ಲ ಹಂಚಿ ಆಯಿತು. ಆಮೇಲೆ ಭಾವ ಟ್ಯೂಬನ್ನು ಎತ್ತಿದರು.

"ಇದಕ್ಕೆ ಹೆಸರಿಲ್ಲ. ಅತ್ತೆ, ನಿಮ್ಮ ಗಂಟಿಗೇ ಇರ್ಬೇಕು."

"ನನ್ನ ಗಂಟಿಗೆ ಎಂತ ಹಚ್ಚಿದ್ರೂ ಅಷ್ಟೆ," ಎಂದಳು ಅಮ್ಮ. "ಮಾಸ್ಟ್ರೇ, ಎಂತ ಬರ್ದಿದ್ದಾರೆ ಒಮ್ಮೆ ನೋಡಿ. ತಿನ್ನುದಾ ಹಚ್ಚುದಾ ಅಷ್ಟಾದ್ರೂ ಗೊತ್ತಾಗ್ಲಿ."

ಮಾಸ್ಟ್ರು ಕನ್ನಡಕ ಏರಿಸಿ, ಕ್ಲಾಸಿಗೆ ಓದಿ ಹೇಳುವ ಸ್ವರದಲ್ಲಿ ಶುರು ಮಾಡಿದರು. "ಸೆಲ್ಯುಲೈಟ್ ಅಂತ ಉಂಟು. ಇದನ್ನು ದಿನಕ್ಕೆ ಎರಡು ಸಲ ತೊಡೆಗೆ, ಮತ್ತೆ..." ಅಲ್ಲಿಗೆ ಸ್ವರ ತಗ್ಗಿತು. "ಸೊಂಟದಿಂದ ಕೆಳಗೆ ಹಚ್ಚುವಂಥದ್ದು."

"ಗಂಟು ಸೊಂಟದಿಂದ ಕೆಳಗೇ ಅಲ್ವ ಇರುದು," ಎಂದಳು ಚಿಕ್ಕಮ್ಮ.

ಅಷ್ಟರಲ್ಲಿ ಮಗಳು ತಲೆ ಎತ್ತಿದಳು. ಅಮ್ಮನ ಪಾಲಿನದ್ದು ಬೇರೆಯವರಿಗೆ ಹೋಗುತ್ತಿದೆ ಎಂಬ ಕಾಳಜಿ ಅವಳದ್ದು. "ಅಜ್ಜಿ, ಅದು ಗಂಟಿಗಲ್ಲ. ಅಮ್ಮನದ್ದು. ಅಮ್ಮನ ತೊಡೆಯಲ್ಲಿ ಹೊಂಡ ಹೊಂಡ ಉಂಟಲ್ಲ, ಅದಕ್ಕೆ. ದೊಡ್ಡಮ್ಮನಿಗೆ ಫೋನಲ್ಲಿ ಹೇಳಿದ್ದು ನಾನು ಕೇಳಿದ್ದೇನೆ."

ನಾನು ಯಾರ ಮುಖವನ್ನೂ ನೋಡಲಿಲ್ಲ, ನನ್ನ ಚೂಡಿದಾರವನ್ನೇ ನೋಡಿಕೊಂಡೆ. ಬಟ್ಟೆಯ ಒಳಗಿನದ್ದು ಎಲ್ಲರಿಗೂ ಕಾಣುತ್ತಿದೆಯೇನೋ ಎನಿಸಿತು. ಮಾಸ್ಟ್ರು ಟ್ಯೂಬನ್ನು ಬಿಸಿ ಮುಟ್ಟಿದವರಂತೆ ಕೆಳಗಿಟ್ಟು ಕನ್ನಡಕ ಮಡಚಿದರು. ಭಾವ ಖಾಲಿ ಪೆಟ್ಟಿಗೆಯೊಳಗೆ ಕೈ ಹಾಕಿ ಇಲ್ಲದ ವಸ್ತುವನ್ನು ಹುಡುಕತೊಡಗಿದರು.

ಅಮ್ಮ ಮಾತ್ರ ನಿಧಾನವಾಗಿ ಕೈ ಚಾಚಿ ಟ್ಯೂಬನ್ನು ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. "ಮಗುವಿಗೆ ಎಂತ ಗೊತ್ತುಂಟು. ಇದು ನಾನೇ ಹೇಳಿ ತರಿಸಿದ್ದು, ಗಂಟಿಗೆ. ಚಾ ತಣ್ಣಗಾಗ್ತದೆ, ಕೊಡು ಎಲ್ಲರಿಗೆ."

ಆಡಿದ ಸುಳ್ಳನ್ನು ಅವಳು ಅಷ್ಟಕ್ಕೇ ಬಿಡಲಿಲ್ಲ. ಅಂದಿನಿಂದ ದಿನವೂ, ಯಾರಾದರೂ ಬಂದು ಕುಳಿತ ಹೊತ್ತು ನೋಡಿಯೇ, ಚಾವಡಿಯಲ್ಲಿ ಕಾಲು ನೀಡಿ ಅದನ್ನು ಮೊಣಗಂಟಿಗೆ ತಿಕ್ಕುತ್ತಿದ್ದಳು. ನನ್ನ ಮಾನ ಮುಚ್ಚಲು ಅವಳು ಕಾಲು ತೆರೆದಿಟ್ಟು ಕುಳಿತಿದ್ದಳು. ನಾನು ಒಳಗೆ ಪಾತ್ರೆ ತೊಳೆಯುತ್ತಿದ್ದೆ.

ಈ ನಾಚಿಕೆ ನನ್ನೊಡನೆ ಹುಟ್ಟಿದ್ದಲ್ಲ. ನಮ್ಮ ಮನೆಯ ಕೆಳಗೆ ಒಂದು ಕೆರೆ ಇದೆ. ಹುಡುಗಿಯಾಗಿದ್ದಾಗ ನಾನು ಬೆಳಗ್ಗೆ ಇಳಿದರೆ ನನ್ನ ಅಜ್ಜಿ, ಅಮ್ಮನ ಅಮ್ಮ, ಮೇಲಿಂದ ಕಲ್ಲು ಎಸೆದು ಕರೆಯುವವರೆಗೆ ಹತ್ತುತ್ತಿರಲಿಲ್ಲ. ಆಚೆ ದಡಕ್ಕೆ ಹೋಗಿ ಬರುವುದರಲ್ಲಿ ಅಕ್ಕನೂ ನನಗೆ ಸಮ ಬರುತ್ತಿರಲಿಲ್ಲ. ಮದುವೆಯಾಗಿ, ಹೆತ್ತು, ಸಹಕಾರಿ ಬ್ಯಾಂಕಿನ ಕುರ್ಚಿಯಲ್ಲಿ ಕುಳಿತು ಕುಳಿತು ಮೈ ಸ್ವಲ್ಪ ತುಂಬಿತು. ಅದರ ಬಗ್ಗೆಯೂ ನನಗೆ ದೊಡ್ಡ ಚಿಂತೆ ಇರಲಿಲ್ಲ.

ಸಂಬಂಧಿಕರ ಒಂದು ಮದುವೆ. ಹೆಣ್ಣಿನ ಕೋಣೆಯಲ್ಲಿ ಸೀರೆ ಬದಲಿಸುತ್ತಿದ್ದೆ. ಮದುಮಗಳನ್ನು ಸಿಂಗರಿಸಲು ಬಂದ ಹುಡುಗಿ ನನ್ನ ಕಾಲು ನೋಡಿ, ನಿಜವಾಗಿ ಒಳ್ಳೆಯ ಮನಸ್ಸಿನಿಂದಲೇ, "ಅಕ್ಕಾ, ಇದಕ್ಕೆ ಈಗ ಟ್ರೀಟ್‌ಮೆಂಟ್ ಎಲ್ಲ ಉಂಟು. ಸೆಲ್ಯುಲೈಟ್ ಅಂತಾರೆ," ಎಂದಳು. ಕೋಣೆಯಲ್ಲಿದ್ದ ಹೆಂಗಸರೆಲ್ಲ ಒಮ್ಮೆ ತಿರುಗಿ ನೋಡಿದರು. ನಾನು ಮಾತನ್ನು ಹಿರಿಯರ ಬಾಯಿಂದ ಕಲಿತವಳು. ಮೈಮೇಲೆ ಬರುವುದಕ್ಕೆಲ್ಲ ಅಜ್ಜಿಯ ಬಳಿ ಒಂದು ಶಬ್ದವಿತ್ತು: ಬಂಗು, ಚಿಬ್ಬು, ಕಜ್ಜಿ, ಬೆವರುಸಾಲೆ, ಆಣಿ, ಸರ್ಪಸುತ್ತು. ತೊಡೆಯ ಈ ಹೊಂಡಗಳಿಗೆ ಅವರು ಹೆಸರಿಟ್ಟದ್ದು ನಾನು ಕೇಳಿರಲಿಲ್ಲ. ಹೆಸರು ಸಿಕ್ಕಿದ ದಿನದಿಂದ ಅದು ನನಗೆ ರೋಗವಾಯಿತು.

ಮನೆಗೆ ಬಂದು ಬಾಗಿಲು ಹಾಕಿ ಕನ್ನಡಿಯಲ್ಲಿ ನೋಡಿಕೊಂಡೆ. ಮಣ್ಣಿನ ಓಡಿನಲ್ಲಿ ಹೊಯ್ದ ದೋಸೆಯ ಮೈಯ ಹಾಗೆ ಕುಳಿ ಕುಳಿಯಾಗಿತ್ತು. ಒಮ್ಮೆ ಫೋನಿನಲ್ಲಿ ಹುಡುಕಿದ್ದೇ ತಡ, ಅಡುಗೆ ನೋಡಲು ತೆರೆದರೂ, ಬಸ್ಸಿನ ಹೊತ್ತು ನೋಡಲು ತೆರೆದರೂ ನುಣುಪು ತೊಡೆಯ ಹುಡುಗಿಯರೇ ಬಂದರು. ಕಾಫಿಪುಡಿಗೆ ಎಣ್ಣೆ ಕಲಸಿ ತಿಕ್ಕಿ ಎಂದು ಒಬ್ಬಳು ಹೇಳಿದಳು. ತಿಕ್ಕಿದೆ. ವಾರ ಕಳೆಯುವ ಮೊದಲೇ ಅಮ್ಮ ಕೇಳಿದಳು, "ಡಬ್ಬಿ ಇಷ್ಟು ಬೇಗ ಖಾಲಿ ಹೇಗೆ ಮಾರಾಯ್ತಿ? ಬಚ್ಚಲಲ್ಲಿ ಯಾರಿಗೆ ಕಾಫಿ ಕೊಡ್ತಿ? ಅಲ್ಲೆಲ್ಲ ಹೋಟೆಲಿನ ಪರಿಮಳ."

ಆ ಮೇಲೆ ನಾನು ಕೆರೆಗೆ ಇಳಿಯುವುದನ್ನು ಬಿಟ್ಟೆ. ನೀರಿಗೆ ಇಳಿಯುವುದು ಕಷ್ಟವಲ್ಲ, ಮುಳುಗಿದ ಮೇಲೆ ಯಾರಿಗೆ ಏನು ಕಾಣುತ್ತದೆ? ಹತ್ತುವುದು ಕಷ್ಟ. ಒದ್ದೆ ಬಟ್ಟೆ ಮೈಗೆ ಅಂಟಿ ಒಂದೊಂದು ಕುಳಿಯನ್ನೂ ಎತ್ತಿ ತೋರಿಸುತ್ತದೆ.

ಇದು ನನ್ನೊಬ್ಬಳಿಗೇ ಸಂಬಂಧಪಟ್ಟದ್ದಾಗಿದ್ದರೆ ಹಾಗೆಯೇ ಕಾಲ ಕಳೆಯುತ್ತಿದ್ದೆನೇನೋ. ಆದರೆ ಆ ಬೇಸಿಗೆ ಪಂಚಾಯತಿನವರು ಕೆರೆಯ ಹೂಳು ತೆಗೆಸಿ, ಸುತ್ತ ಕೆಂಪುಕಲ್ಲಿನ ಮೆಟ್ಟಿಲು ಕಟ್ಟಿಸಿ, ಹುಡುಗಿಯರಿಗೆ ಬೆಳಗ್ಗೆ ಈಜು ಕಲಿಸಲು ಒಬ್ಬಳು ಟೀಚರನ್ನು ಗೊತ್ತು ಮಾಡಿದ್ದರು. ನಮಗೆ ಅದು ಬೇಕಾಗಿತ್ತು. ಮಗಳು ಶಾಲೆಗೆ ಹೋಗುವ ದಾರಿಯಲ್ಲಿ ಕಲ್ಲು ಕಡಿದು ಬಿಟ್ಟ ಹಳೆಯ ಕೋರೆ ಇದೆ. ಜೂನ್ ಬಂದರೆ ಅದು ತುಂಬುತ್ತದೆ. ಅದಕ್ಕೆ ಬೇಲಿ ಇಲ್ಲ, ಮಕ್ಕಳಿಗೆ ಅದರ ಅಂಚೇ ಆಟದ ಬಯಲು. ಮಳೆ ಹಿಡಿಯುವ ಮೊದಲು ಇವಳಿಗೆ ಈಜು ಬರಬೇಕು ಎಂಬುದು ನನ್ನದೇ ಹಟ. ಟೀಚರದ್ದು ಒಂದೇ ನಿಯಮ: ಸಣ್ಣ ಮಕ್ಕಳ ಜೊತೆ ಈಜು ಗೊತ್ತಿರುವ ಹೆಂಗಸೊಬ್ಬಳು ನೀರಿನಲ್ಲಿ ನಿಲ್ಲಬೇಕು. ಅಮ್ಮನಿಗೆ ಗಂಟುನೋವು, ಅಕ್ಕ ಶಾರ್ಜಾದಲ್ಲಿ. ಉಳಿದವಳು ನಾನು. ಮುಟ್ಟು, ಶೀತ, ಬ್ಯಾಂಕಿನ ಲೆಕ್ಕ ಮುಗಿಸುವ ದಿನ ಎಂದು ದಿನಕ್ಕೊಂದು ನೆಪ ಹೇಳಿ ಟವೆಲು ಮಡಿಲಲ್ಲಿಟ್ಟು ಮೆಟ್ಟಿಲಲ್ಲಿ ಕುಳಿತೆ. ಮಗಳು ನನ್ನ ಕಾಲಬಳಿ ಕುಳಿತು ನೀರಿಗೆ ಬೆರಳು ಅದ್ದುತ್ತಿದ್ದಳು. ಟ್ಯೂಬು ಬಂದು, ಹಚ್ಚಿ, ಗುಣವಾಗಿ, ಆಮೇಲೆ ಇಳಿಯುವುದೆಂದು ನಾನು ಲೆಕ್ಕ ಹಾಕಿದ್ದೆ.

ಬಂದ ಟ್ಯೂಬು ಅಮ್ಮನ ಗಂಟಿಗೆ ಹೋಯಿತು.

ಪೆಟ್ಟಿಗೆಯ ಮರುದಿನ ಊರಿಗೆ ಹೊರಟ ಚಿಕ್ಕಮ್ಮ ನನ್ನನ್ನು ಬಾವಿಕಟ್ಟೆಯ ಹಿಂದೆ ಕರೆದಳು. "ಹುರುಳಿ ಹುರಿದು ಪುಡಿ ಮಾಡಿ ಕೆಳಗಿನಿಂದ ಮೇಲಕ್ಕೆ ತಿಕ್ಕು. ಆಗದಿದ್ರೆ ಉಳಿಚ್ಚಿಲ್ ಮಾಡಿಸು," ಎಂದಳು. ಉಳಿಚ್ಚಿಲ್ ಎಂದರೆ ವೈದ್ಯಶಾಲೆಯಲ್ಲಿ ಎಣ್ಣೆ ಹಾಕಿ ಮೈ ತಿಕ್ಕಿಸುವುದು. ಆಮೇಲೆ ಸ್ವರ ಇಳಿಸಿ, "ಒಮ್ಮೆ ಡಾಕ್ಟ್ರಿಗೆ ತೋರಿಸು ಆಯ್ತಾ. ಆನೆಕಾಲಿನ ಶುರು ಆಗಿದ್ರೆ?" ಎಂದಳು. ಆ ಮಾತಿಗೆ ಹೆದರಿ ಡಾಕ್ಟರಿಗೆ ತೋರಿಸುವುದೆಂದು ನಿಶ್ಚಯಿಸಿದೆ. ಗಂಡನಿಗೆ ಹೇಳಿದರೆ ಅವರು, "ನಂಗೆ ಅದಕ್ಕೆ ಹೆಸರುಂಟು ಅಂತಲೇ ಗೊತ್ತಿರ್ಲಿಲ್ಲ. ನಿನ್ನ ಕಾಲು ಹಾಗೆ ಅಂತ ಮಾತ್ರ ಗೊತ್ತಿದ್ದದ್ದು," ಎಂದರು. ಸಮಾಧಾನಕ್ಕೆ ಹೇಳಿದ್ದು. ನನಗೆ ಅಷ್ಟು ವರ್ಷದಿಂದ ನೋಡಿದ್ದಾರಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು.

ನಮ್ಮವರಿಗೆ ಹಲ್ಲುನೋವಾದರೂ ಮಂಗಳೂರೇ. ಕುಂಬಳೆಯಲ್ಲಿ ಬಸ್ಸು ಹತ್ತಿದೆ, ಒಬ್ಬಳೇ. ಚರ್ಮದ ಡಾಕ್ಟರು ನನ್ನ ಪ್ರಾಯದ ಹೆಂಗಸು.

"ನೋವು ಉಂಟಾ?" ಎಂದು ಕೇಳಿದರು.

"ಇಲ್ಲ."

"ತುರಿಕೆ? ಜ್ವರ ಬಂದದ್ದು? ಒಂದು ಕಾಲು ಮಾತ್ರ ಬಾತದ್ದು?"

"ಅದೆಲ್ಲ ಇಲ್ಲ."

"ಮತ್ತೆ ಎಂತ ತೊಂದರೆ?"

"ನಾಚಿಕೆ," ಎಂದೆ. ಅದು ಬಾಯಿಂದ ಹೇಗೆ ಬಂತೋ ಗೊತ್ತಿಲ್ಲ.

ಅವರು ನಗಲಿಲ್ಲ. ಪರದೆ ಎಳೆದು, ಎರಡೂ ಕಾಲು ಒತ್ತಿ ನೋಡಿ, ಕೈ ತೊಳೆದು ಬಂದು ಕುಳಿತರು. "ಆನೆಕಾಲು ಅಲ್ಲ, ರೋಗವೇ ಅಲ್ಲ. ಹತ್ತಿಯ ಹಾಸಿಗೆ ನೋಡಿದ್ದೀರಲ್ಲ? ಅಲ್ಲಲ್ಲಿ ನೂಲು ಹಾಕಿ ಎಳೆದು ಗಂಟು ಹಾಕಿರ್ತಾರೆ. ನೂಲು ಇರುವಲ್ಲಿ ಕುಳಿ, ನಡುವಿನ ಹತ್ತಿ ಉಬ್ಬು. ಚರ್ಮದ ಅಡಿಯಲ್ಲೂ ಹಾಗೇ ನಾರು ಉಂಟು, ನಡುವೆ ಕೊಬ್ಬು ಉಂಟು. ಹೆಂಗಸರಲ್ಲಿ ಆ ನಾರು ನೆಟ್ಟಗೆ ಕೆಳಗೆ ಹೋಗ್ತದೆ. ಗಂಡಸರಲ್ಲಿ ಬಲೆಯ ಹಾಗೆ ಅಡ್ಡಡ್ಡ, ಅದಕ್ಕೆ ಅವರಿಗೆ ಕಾಣುದು ಕಡಿಮೆ. ದೊಡ್ಡವರಾದ ಮೇಲೆ ಹೆಚ್ಚಿನ ಹೆಂಗಸರಿಗೂ ಇರುವಂಥದ್ದು. ಸಪೂರ ಇರುವವರಿಗೂ ಬರ್ತದೆ. ಹಾರ್ಮೋನು, ಪ್ರಾಯ, ಮನೆತನದಿಂದ ಬಂದದ್ದು, ಎಲ್ಲ ಸೇರಿ."

"ಹಚ್ಚುವ ಮುಲಾಮು?"

"ಕಾಫಿಯ ಸತ್ವ ಇರುವಂಥದ್ದು ಕೆಲವು ಗಂಟೆ ಚರ್ಮವನ್ನು ಸ್ವಲ್ಪ ಬಿಗಿ ಮಾಡ್ತದೆ, ಮತ್ತೆ ಮೊದಲಿನ ಹಾಗೇ. ಚರ್ಮ ದಪ್ಪ ಮಾಡುವ ಬೇರೆ ಮುಲಾಮು ಉಂಟು, ತಿಂಗಳುಗಟ್ಟಲೆ ಹಚ್ಚಿದ್ರೆ ಅಲ್ಪ ಸ್ವಲ್ಪ. ತಿಕ್ಕಿಸಿದ್ರೂ ಅಷ್ಟೇ, ಎರಡು ದಿನದ ಚಂದ. ಲೇಸರ್ ಉಂಟು, ಬಿಸಿ ಕೊಡುವ ಯಂತ್ರ ಉಂಟು, ಸೂಜಿ ಹಾಕಿ ಆ ನಾರನ್ನೇ ಕಡಿಯುದೂ ಉಂಟು. ಅದರಿಂದ ಕುಳಿ ಕಡಿಮೆ ಆಗಬಹುದು, ಪೂರ್ತಿ ಹೋಗ್ತದೆ ಅಂತ ಮಾತು ಕೊಡ್ಲಿಕ್ಕೆ ಆಗುದಿಲ್ಲ. ಖರ್ಚೂ ಉಂಟು. ನಡೆದ್ರೆ, ಈಜಿದ್ರೆ ಸ್ನಾಯು ಗಟ್ಟಿಯಾಗಿ ನೋಡ್ಲಿಕ್ಕೆ ನಯ ಆಗ್ತದೆ. ಬೇಕಾದ್ರೆ ಮಾಡಿಸಿ, ಬೇಡಾದ್ರೆ ಬಿಡಿ. ಒಂದು ಕಾಲು ತಟ್ಟನೆ ಬಾತು, ಕೆಂಪಾಗಿ, ನೋವು ಬಂದ್ರೆ ಮಾತ್ರ ಕಾಯಬೇಡಿ, ಅದು ಬೇರೆ." ಆಮೇಲೆ ಬರೆಯುತ್ತಿದ್ದವರು ತಲೆ ಎತ್ತಿ, "ನಿಮ್ಮ ತಾಯಿಗೂ ಉಂಟಾ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದು ಅಮ್ಮನ ಮೊಣಗಂಟಿನಿಂದ ಮೇಲೆ ನಾನು ನೋಡಿಯೇ ಇರಲಿಲ್ಲ. ವಾಪಸು ಬರುವಾಗ ತಲಪಾಡಿ ದಾಟುವವರೆಗೂ ಕಿಟಕಿಯ ಹೊರಗೆ ನೋಡುತ್ತ ಅದನ್ನೇ ಯೋಚಿಸಿದೆ. ಬಸ್ಸಿನಲ್ಲಿ ಹತ್ತಿ ಇಳಿಯುವ ಹೆಂಗಸರನ್ನೆಲ್ಲ, ಯಾರಿಗುಂಟು ಯಾರಿಗಿಲ್ಲ ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದೇನೆಂದು ಗೊತ್ತಾದಾಗ ಹೇಸಿಗೆಯಾಗಿ ಕಣ್ಣು ಮುಚ್ಚಿದೆ.

ಮನೆಗೆ ಬಂದಾಗ ಚಾವಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಅಮ್ಮ ಕಾಲು ನೀಡಿ ಮುಲಾಮು ತಿಕ್ಕುತ್ತಿದ್ದಳು.

"ಈಗ ಯಾರಿಗೆ ತೋರಿಸ್ಲಿಕ್ಕೆ ಹಚ್ಚುದು ಅಮ್ಮ?"

"ಯಾರಿಗೂ ಅಲ್ಲ. ತಂಪಾಗ್ತದೆ ಮಾರಾಯ್ತಿ, ನಿಜವಾಗಿ." ಆಮೇಲೆ ನನ್ನ ಮುಖ ನೋಡದೆ ಕೇಳಿದಳು, "ಡಾಕ್ಟ್ರು ಎಂತ ಹೇಳಿದ್ರು? ನನ್ನ ತಪ್ಪಾ?"

"ನಿನ್ನ ತಪ್ಪು ಹೇಗೆ?"

"ನಿನ್ನ ಬಾಣಂತನದಲ್ಲಿ ನಾನು ಜ್ವರ ಬಂದು ಮಲಗಿದ್ದೆ ಅಲ್ವ. ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಲಿಕ್ಕೆ ಜನ ಸಿಗ್ಲಿಲ್ಲ. ನೀನು ಸೆಕೆ ಅಂತ ತಣ್ಣೀರು ಕುಡ್ದಿ, ಬೇಗ ಎದ್ದು ನಡ್ದಿ. ಮೈ ಕಟ್ಟಲಿಲ್ಲ. ಪೆಟ್ಟಿಗೆ ಒಡೆದ ದಿನದಿಂದ ನಂಗೆ ಅದೇ ಚಿಂತೆ."

ಅವಳು ಅಷ್ಟು ದಿನ ಆ ಮುಲಾಮನ್ನು ಏನು ನೆನೆದುಕೊಂಡು ತಿಕ್ಕುತ್ತಿದ್ದಳೆಂದು ನನಗೆ ಆಗ ತಿಳಿಯಿತು. ಹಾಸಿಗೆ, ಹತ್ತಿ, ನೂಲು, ಡಾಕ್ಟರು ಹೇಳಿದ್ದನ್ನೆಲ್ಲ ನೆನಪಿದ್ದಷ್ಟು ಹೇಳಿದೆ. ಮನೆತನದಿಂದ ಬರುತ್ತದಂತೆ ಎಂದಾಗ ಅಮ್ಮ ಅರೆಕ್ಷಣ ನನ್ನನ್ನು ನೋಡಿ, ನೈಟಿಯನ್ನು ತೊಡೆಯವರೆಗೆ ಸರಿಸಿದಳು. ನನ್ನದೇ ತೊಡೆ. ಅದೇ ಕುಳಿ, ಅದೇ ಸಾಲು, ಮೇಲಿನ ಚರ್ಮ ಮಾತ್ರ ಇನ್ನೂ ತೆಳುವಾಗಿ ಸಡಿಲವಾಗಿತ್ತು.

"ಇದಾ? ಇದು ನನ್ನ ಅಮ್ಮನಿಗೂ ಇತ್ತು," ಎಂದಳು. "ಬಟ್ಟೆ ಒಗೆಯುವಾಗ ಸೀರೆ ಎತ್ತಿ ಕಟ್ಟಿದ್ರೆ ಕಾಣ್ತಿತ್ತು. ಹೆಂಗಸರ ಕಾಲು ಹಾಗೇ ಅಂತ ನಾವು ತಿಳ್ಕೊಂಡದ್ದು. ಇದಕ್ಕಾ ನೀನು ಕಾಫಿಪುಡಿ ಖಾಲಿ ಮಾಡಿದ್ದು?"

ನಗು ಬಂತು. ಆದರೆ ಬಾಗಿಲಲ್ಲಿ ಮಗಳು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಅವಳು ನಗಲಿಲ್ಲ. ಪೆಟ್ಟಿಗೆಯ ದಿನದಿಂದ ಅವಳು ಕೆರೆಯ ಕಡೆಗೆ ಬರಲೊಲ್ಲೆ ಎನ್ನುತ್ತಿದ್ದಳು. ಬೇಸಿಗೆ ರಜೆಯ ಸೋಮಾರಿತನ ಎಂದು ನಾನು ಗದರಿದ್ದೆ.

"ನೀನು ಇನ್ನು ನೀರಿಗೆ ಇಳಿಯುದೇ ಇಲ್ವಾ ಅಮ್ಮ?" ಎಂದಳು. "ನಾನು ಎಲ್ಲರೆದುರು ಹೇಳಿದ್ದಕ್ಕೆ."

ನನ್ನ ಎರಡು ತೊಡೆಗಳಿಗಾಗಿ ಆ ಮನೆಯಲ್ಲಿ ಮುದುಕಿಯೊಬ್ಬಳು, ಮಗುವೊಬ್ಬಳು ಬೇರೆ ಬೇರೆ ಮೂಲೆಯಲ್ಲಿ ತಮ್ಮ ತಪ್ಪೆಂದು ಕುಳಿತಿದ್ದರು. ಚಾವಡಿಯಲ್ಲಿ ಮಾಸ್ಟ್ರ ಎದುರು ಆದ ನಾಚಿಕೆ ಇದರ ಮುಂದೆ ಏನೂ ಅಲ್ಲ.

"ನಂಗೂ ಬರ್ತದಾ ಅದು?" ಮಗಳು ಮತ್ತೆ ಕೇಳಿದಳು, ಲಂಗವನ್ನು ಮೊಣಗಂಟಿಗೆ ಎಳೆದುಕೊಳ್ಳುತ್ತ.

"ಬರಬಹುದು," ಎಂದಳು ಅಮ್ಮ, ನನಗಿಂತ ಮೊದಲು. "ನಾಳೆ ಬೆಳಿಗ್ಗೆ ಅಮ್ಮ ಇಳೀತಾಳೆ. ನೀನು ಈಗ ಬಾ, ನನ್ನ ಈ ಕಾಲಿಗೆ ತಿಕ್ಕು."

ಮರುದಿನ ಇಳಿದೆ. ಧೈರ್ಯ ಬಂತೆಂದು ಹೇಳಲಾರೆ. ಎಲ್ಲರಿಗಿಂತ ಮೊದಲು ಹೋಗಿ ಸೊಂಟದವರೆಗಿನ ನೀರಿನಲ್ಲಿ ನಿಂತೆ. ಎಲ್ಲರೂ ಮನೆಗೆ ಹೋದ ಮೇಲೆ, ಟವೆಲನ್ನು ಕೊನೆಯ ಮೆಟ್ಟಿಲಲ್ಲೇ ಇರಿಸಿಕೊಂಡು, ಸುತ್ತಿಕೊಂಡೇ ಹತ್ತಿದೆ. ನಿತ್ಯವೂ ಹಾಗೆಯೇ ಮಾಡಿದೆ. ಮಗಳು ಮೊದಲು ನನ್ನ ಕತ್ತು ಬಿಡಲಿಲ್ಲ, ಆಮೇಲೆ ಕೈ ಹಿಡಿದಳು, ಆಮೇಲೆ ಬೆರಳು. ಭಾವ ರಜೆ ಮುಗಿಸಿ ಹೊರಟಾಗ ಅಮ್ಮ ಗೇಟಿನವರೆಗೆ ಕುಂಟುತ್ತ ಹೋಗಿ, ಗಂಟಿನ ಮುಲಾಮು ಇನ್ನೊಂದು ಕಳಿಸಲು ಹೇಳಿದಳು, ಚಿಕ್ಕಮ್ಮನಿಗೂ ಒಂದು ಬೇಕಂತೆ ಎಂದಳು. ಭಾವ ನನ್ನ ಕಡೆ ನೋಡದೆ ತಲೆಯಾಡಿಸಿದರು.

ಮಳೆ ಹಿಡಿಯುವ ಮೊದಲಿನ ವಾರ, ತರಗತಿಯ ಕೊನೆಯ ದಿನ, ಮಗಳು ಒಬ್ಬಳೇ ಕೆರೆ ದಾಟಿದಳು. ಆಚೆ ದಡದ ಮೆಟ್ಟಿಲು ಹಿಡಿದವಳು ಹಿಂದಿರುಗಿ ನೋಡಿ, ಬಂದ ದೂರಕ್ಕೆ ಹೆದರಿ ಅಳತೊಡಗಿದಳು. ನಾನು ಈಜಿಕೊಂಡು ಹೋದೆ. ವಾಪಸು ನೀರಿನಲ್ಲಿ ಬರಲು ಅವಳು ಒಪ್ಪಲಿಲ್ಲ. ಟವೆಲು ಈಚೆ ದಡದಲ್ಲಿತ್ತು. ಆಚೆ ದಡದ ಮೆಟ್ಟಿಲು ಹತ್ತಿದರೆ ರಸ್ತೆ. ಅವಳ ಕೈ ಹಿಡಿದು ಹತ್ತಿದೆ. ಒದ್ದೆ ಪ್ಯಾಂಟು ತೊಡೆಗೆ ಅಂಟಿಕೊಂಡಿತ್ತು.

ರಸ್ತೆಯಲ್ಲಿ ಮಾಸ್ಟ್ರು ಹಾಲಿನ ಪಾತ್ರೆ ಹಿಡಿದುಕೊಂಡು ಬರುತ್ತಿದ್ದರು. ಪೆಟ್ಟಿಗೆಯ ದಿನದ ಮೇಲೆ ಅವರು ನಮ್ಮ ಗೇಟಿನ ಕಡೆ ತಲೆ ಹಾಕಿರಲಿಲ್ಲ. ನನ್ನ ಮುಖ ಬಿಸಿಯಾಯಿತು. ಅವರು ನಿಂತರು, ಮಗಳನ್ನು ನೋಡಿದರು.

"ದಾಟಿದ್ಳಾ?"

"ದಾಟಿದ್ಳು ಮಾಸ್ಟ್ರೇ."

"ಒಬ್ಬಳೇ?"

"ಒಬ್ಬಳೇ."

"ಒಳ್ಳೇದಾಯ್ತು," ಎಂದು ಅವರು ಪಾತ್ರೆಯನ್ನು ಮತ್ತೊಂದು ಕೈಗೆ ಬದಲಿಸಿಕೊಂಡು ಮುಂದೆ ಹೋದರು. ನಾವಿಬ್ಬರು ನೀರು ತೊಟ್ಟಿಕ್ಕಿಸುತ್ತ, ರಸ್ತೆಯಿಂದಲೇ ಕೆರೆಯನ್ನು ಸುತ್ತಿ ಮನೆಗೆ ನಡೆದೆವು.